ನರಿಯ ಎಡ ಮುಂಗಾಲು

ನನಗೆ ಕಾಯಂ ನೌಕರಿ ಸಿಕ್ಕಿದ್ದು ನರಿಯ ಮುಖ ನೋಡಿದ್ದರಿಂದ ಎಂದು ಮಾನ್ವಿಯಲ್ಲಿ ಈಗಲೂ ಹೇಳುತ್ತಾರೆ. ಒಂದು ದಿನವಲ್ಲ, ಹದಿಮೂರು ದಿನ ನೋಡಿದ್ದಾಳೆ, ಸಿಗದೆ ಇರುತ್ತದೆಯೇ ಎನ್ನುವುದು ಅವರ ವಾದ. ಈ ವಾದ ಎರಡು ನಿಮಿಷವೂ ನಿಲ್ಲುವುದಿಲ್ಲ. ನಾನು ಪರೀಕ್ಷೆ ಬರೆದದ್ದು ನರಿ ಸಿಗುವುದಕ್ಕೆ ಏಳು ತಿಂಗಳ ಮೊದಲು. ಉತ್ತರಪತ್ರಿಕೆ ತಿದ್ದಿದವರು ನರಿಯನ್ನು ಕಂಡವರಲ್ಲ. ಮೇಲಾಗಿ, ಅದೇ ನರಿಯ ಮುಖವನ್ನು ನನಗಿಂತ ಮೊದಲು ನೋಡಿದ ಹೆಂಗಸು ಇವತ್ತಿಗೂ ಅದು ಸಿಕ್ಕ ರೈಸ್ ಮಿಲ್ಲಿನಲ್ಲೇ ಹೊಟ್ಟು ಗುಡಿಸುತ್ತಿದ್ದಾಳೆ.

ಇನ್ನೊಂದು ಆವೃತ್ತಿಯೂ ಇದೆ. ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿ ‘ನರಿಯನ್ನು ಉಳಿಸಿದ ಡಾಕ್ಟರ್’ ಎಂದರು. ಇದನ್ನು ಒಡೆಯುವುದು ಮೊದಲಿನದಕ್ಕಿಂತ ಕಷ್ಟ, ಯಾಕೆಂದರೆ ಇದರಲ್ಲಿ ಅರ್ಧದಷ್ಟು ನಿಜವಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಒಂದೇ: ಎದುರಿನವರ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಪ್ರಶ್ನೆಯನ್ನೇ ತಿರುಗಿಸಿ ಹಿಡಿ. ನರಿಯ ಮುಖ ನೋಡಿದವರಿಗೆ ಏನು ಸಿಕ್ಕಿತು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಮುಖ ನೋಡಿದ ನರಿಗೆ ಏನು ಸಿಕ್ಕಿತು?

ಆಗ ನಾನು ಸಂಚಾರಿ ಪಶು ಚಿಕಿತ್ಸಾ ವಾಹನದಲ್ಲಿ ಗುತ್ತಿಗೆ ವೈದ್ಯೆ. ಊರ ಹೊರಗೆ ಒಂದು ರೈಸ್ ಮಿಲ್ಲಿನ ಕಾಂಪೌಂಡಿಗೆ ಅಂಟಿಕೊಂಡ ಬಾಡಿಗೆ ಕೋಣೆ. ಮಿಲ್ಲಿನ ಸಾಹುಕಾರರೇ ಮನೆಯ ಮಾಲೀಕರು. ಏಪ್ರಿಲ್ ತಿಂಗಳು, ಎರಡನೇ ಬೆಳೆಯ ಭತ್ತ ಬರುತ್ತಿತ್ತು. ಮಿಲ್ಲು ನಿಲ್ಲುತ್ತಿರಲಿಲ್ಲ, ನನ್ನ ಹಾಸಿಗೆ, ತಟ್ಟೆ, ಸ್ಟೆತೊಸ್ಕೋಪು ಎಲ್ಲದರ ಮೇಲೂ ತೆಳ್ಳಗೆ ಹೊಟ್ಟಿನ ಧೂಳು.

ಒಂದು ಬೆಳಗ್ಗೆ ಆರಕ್ಕೆ ಬಾಗಿಲು ಬಡಿದವಳು ಆ ಹೊಟ್ಟು ಗುಡಿಸುವ ಹೆಂಗಸು.

“ಯವ್ವಾ, ಎದ್ದೀರೇನ್ರಿ? ಹೊಟ್ಟಿನ ಗುಂಪಿ ಹಿಂದ ನರಿ ಕುಂತದ. ಏಳವಲ್ದು.”

“ನಾಯಿ ಇರಬೇಕು ನೋಡು.”

“ನಾಯಿ ಕಂಡಿಲ್ಲೇನ್ರಿ ನಾ? ಬಾಲ ನೋಡ್ರಿ ಬಂದು, ನನ್ನ ಕಸಬರಿಗಿ ಇದ್ದಂಗ ಅದ.”

ನರಿಯೇ. ಗಂಡು, ಸುಮಾರು ಎಂಟು ಒಂಬತ್ತು ಕಿಲೊ. ಎಡ ಮುಂಗಾಲಿಗೆ ಬೈಕಿನ ಹಳೇ ಕ್ಲಚ್ ವೈರಿನ ಉರುಲು ಬಿಗಿದಿತ್ತು. ಹಂದಿಗಳ ಕಾಟಕ್ಕೆಂದು ಗದ್ದೆಯ ಬದುವಿನಲ್ಲಿ ಇಂಥವನ್ನು ಕಟ್ಟುತ್ತಾರೆ. ಉರುಲಿನ ಗೂಟವನ್ನೂ ಕಿತ್ತು ಎಳೆದುಕೊಂಡು ಬಂದಿತ್ತು ಅದು. ವೈರು ಚರ್ಮ ದಾಟಿ ಮಾಂಸದೊಳಗೆ ಇಳಿದಿತ್ತು. ವಾಸನೆಯಿಂದಲೇ ಹೇಳಬಹುದಿತ್ತು, ಎರಡು ದಿನ, ಹೆಚ್ಚೆಂದರೆ ಮೂರು. ಅದರ ಮುಂದೆ ಒಂದು ಅಲ್ಯುಮಿನಿಯಂ ಬಟ್ಟಲಿನಲ್ಲಿ ನೀರಿತ್ತು. ಇಟ್ಟವಳು ಅವಳೇ. ನರಿ ಅರ್ಧ ಕುಡಿದಿತ್ತು.

ಕಾಡುಪ್ರಾಣಿಯನ್ನು ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟುವಂತಿಲ್ಲ. ಬೀಟಿನ ಗಾರ್ಡಿಗೆ ಫೋನ್ ಮಾಡಿದೆ. ಅವರು ತಮ್ಮ ಮೇಲಿನವರಿಗೆ ಮಾಡಿದರು, ಅಲ್ಲಿಂದ ಒಪ್ಪಿಗೆ ಬಂತು, ಮಂಗ ಹಿಡಿಯುವ ಪಂಜರವೊಂದನ್ನು ಟಂಟಂ ಆಟೊದಲ್ಲಿ ಹೇರಿಕೊಂಡು ಗಾರ್ಡು ಬರುವಷ್ಟರಲ್ಲಿ ಹತ್ತೂವರೆ. ಅಷ್ಟರಲ್ಲಿ ನಮ್ಮ ವಾಹನದ ಡ್ರೈವರ್ ಬಂದು ಪರಿಸ್ಥಿತಿ ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ದೇವದುರ್ಗದ ಕಡೆಯವರು, ಐವತ್ತು ದಾಟಿದವರು, ಎಮ್ಮೆಯ ಕೊಂಬು ಹಿಡಿಯುವುದರಲ್ಲಿ ನನಗಿಂತ ಪಳಗಿದವರು.

“ಮೇಡಂ, ಇದಕ್ಕ ಕೊಂಬಿಲ್ಲ. ಎಲ್ಲಿ ಹಿಡೀಬೇಕ್ರಿ?”

“ಹಿಡಿಯಂಗಿಲ್ಲ. ಮೊದಲು ಮಖ ಮುಚ್ಚಬೇಕು.”

ಇದು ಪುಸ್ತಕದ ಮೊದಲ ಪಾಠ. ಕಾಡುಪ್ರಾಣಿಗೆ ಗಾಯಕ್ಕಿಂತ ಮೊದಲು ಹೊಡೆತ ಕೊಡುವುದು ಭಯ. ಕಣ್ಣಿಗೆ ಏನೂ ಕಾಣದಿದ್ದರೆ ಎದೆಬಡಿತ ಇಳಿಯುತ್ತದೆ. ಡ್ರೈವರೂ ನಾನೂ ಎರಡು ಗೋಣಿಚೀಲ ಹಿಡಿದು ಎರಡು ಕಡೆಯಿಂದ ಹೋದೆವು. ಚೀಲ ತಲೆಯ ಮೇಲೆ ಬಿದ್ದೊಡನೆ ಅದು ಅಲುಗಾಡುವುದನ್ನು ನಿಲ್ಲಿಸಿತು. ತೂಕವನ್ನು ಅಂದಾಜಿಸಿ ಮಂಪರು ಬರಿಸುವ ಕ್ಸೈಲಜಿನ್ ಮತ್ತು ಕೆಟಮಿನ್ ತೊಡೆಗೆ ಕೊಟ್ಟೆ. ರೇಬೀಸ್ ಚುಚ್ಚುಮದ್ದು ನನಗೆ ಮೊದಲೇ ಆಗಿತ್ತು, ಆದರೂ ಎರಡು ಜೊತೆ ಕೈಗವಸು ಹಾಕಿದೆ. ಜೀವಂತ ಪ್ರಾಣಿಯಲ್ಲಿ ಆ ರೋಗ ಇಲ್ಲವೆಂದು ಖಚಿತಪಡಿಸುವ ಪರೀಕ್ಷೆ ಇಲ್ಲ. ಲಕ್ಷಣ ನೋಡಿ ಅಂದಾಜು ಮಾಡುವುದಷ್ಟೆ. ಇದು ನೀರು ಕುಡಿದಿತ್ತು, ದವಡೆ ಜೋತಿರಲಿಲ್ಲ, ಗಾಯಕ್ಕೆ ಕಾರಣ ಕಾಲಿನಲ್ಲೇ ಇತ್ತು. ಸಾಧ್ಯತೆ ತೀರ ಕಡಿಮೆ ಎಂದು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿದ್ದೆ. ಈ ವಾಕ್ಯವನ್ನು ಇಲ್ಲಿ ಬರೆದಿಡುವುದು ಮುಂದಿನ ಲೆಕ್ಕಕ್ಕೆ ಬೇಕು.

ಮಿಲ್ಲಿನ ಖಾಲಿಚೀಲದ ಗೋದಾಮೇ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಕೆಟಮಿನ್ ಕೊಟ್ಟ ಪ್ರಾಣಿ ರೆಪ್ಪೆ ಬಡಿಯುವುದಿಲ್ಲ, ಕಣ್ಣು ಒಣಗದಂತೆ ಮುಲಾಮು ಹಚ್ಚಿ ಮೇಲೆ ಒದ್ದೆ ಬಟ್ಟೆ ಕಟ್ಟಿದೆ. ವೈರನ್ನು ಕಟ್ಟರಿನಿಂದ ಮೂರು ಕಡೆ ಕತ್ತರಿಸಿ ತುಂಡು ತುಂಡಾಗಿ ಎಳೆದೆ. ಹೊರಗಿನ ಎರಡು ಬೆರಳು ತಣ್ಣಗಿದ್ದವು, ಸೂಜಿ ಚುಚ್ಚಿದರೂ ರಕ್ತವಿಲ್ಲ. ಒಳಗಿನ ಎರಡರಲ್ಲಿ ರಕ್ತ ಬಂತು. ಸತ್ತ ಎರಡನ್ನು ಬುಡದ ಕೀಲಿನಲ್ಲಿ ಬಿಡಿಸಿ ತೆಗೆದು, ತಾನೇ ಕರಗುವ ದಾರದಲ್ಲಿ ಹೊಲಿದೆ. ಕಾಲು ಹಿಡಿದುಕೊಂಡಿದ್ದ ಗಾರ್ಡು ಟ್ರೇಯಲ್ಲಿ ಬಿದ್ದದ್ದನ್ನು ನೋಡಿದರು.

“ನಾಲ್ಕರಾಗ ಎರಡು ಹೋದ್ವಲ್ರಿ ಮೇಡಂ. ಓಡ್ತದೇನ್ರಿ ಇದು?”

“ಓಡ್ತದ್ರಿ. ಒಳಗಿನ ಎರಡು ಗಟ್ಟಿ ಅವ.”

“ಎರಡ ಬೆರಳ ಮ್ಯಾಲ?”

“ನೀವು ಬೈಕ್ ಎರಡ ಗಾಲಿ ಮ್ಯಾಲ ಓಡಸಂಗಿಲ್ಲೇನ್ರಿ?”

ಅವರು ನಕ್ಕರು. ನಾನೂ ನಕ್ಕೆ. ಆಮೇಲಿನ ಮೂರು ಗಂಟೆ ನಗುವಂಥದ್ದೇನೂ ಇರಲಿಲ್ಲ. ಹೊರಗೆ ನಲವತ್ತೆರಡು ಡಿಗ್ರಿ, ಮೇಲೆ ತಗಡು. ಆ ಔಷಧಿ ಕೊಟ್ಟ ಮೇಲೆ ದೇಹ ತನ್ನ ಶಾಖವನ್ನು ತಾನು ಸಂಭಾಳಿಸುವುದಿಲ್ಲ. ಥರ್ಮಾಮೀಟರು ನೂರಾ ಐದು ತೋರಿಸಿತು. ಒದ್ದೆ ಗೋಣಿಚೀಲ ಹೊದಿಸುವುದು, ತೆಗೆಯುವುದು, ಮತ್ತೆ ನೆನೆಸುವುದು, ಉಸಿರು ಎಣಿಸುವುದು. ಡ್ರೈವರ್ ಬಕೆಟ್ಟು ಹೊರುತ್ತಾ, “ನಮ್ಮ ಮನಿಯಾಗ ಕೂಲರ್ ಇಲ್ರಿ, ಇದರ ಪುಣ್ಯಾ ನೋಡ್ರಿ” ಎಂದರು. ಮೂರೂಕಾಲಿಗೆ ನರಿ ತಲೆ ಎತ್ತಿತು.

ಸಂಜೆ ಸಾಹುಕಾರರು ಬಂದರು. ಪೂಜೆ ಮುಗಿಸಿದ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಾಲು ಅನ್ನದ ಬಟ್ಟಲು. ನರಿ ಅದನ್ನು ಮೂಸಲೂ ಇಲ್ಲ.

“ಇದಕ್ಕ ಕೋಳಿ ಬೇಕ್ರಿ, ಸಾಹುಕಾರ್ರ. ಔಷಧಿ ಅದರಾಗ ಇಟ್ಟು ಕೊಡಬೇಕು.”

ಅವರು ಬಟ್ಟಲನ್ನು ಹಿಂದಕ್ಕೆ ಎತ್ತಿಕೊಂಡರು. “ನೋಡವ್ವಾ, ನಮ್ಮಪ್ಪ ಈ ಮಿಲ್ ಹಾಕಿದಾಗಿಂದ ಒಂದು ತತ್ತಿನೂ ಈ ಗೇಟಿನಾಗ ಬಂದಿಲ್ಲ.” ಮತ್ತೆ ಪಂಜರದ ಕಡೆ ಬಗ್ಗಿ, ಮೇಲೆ ಹೊದಿಸಿದ್ದ ತಾಡಪತ್ರಿಯ ಅಂಚೆತ್ತಿ ನೋಡಿದರು. ಮುಖ ಅರಳಿತು. “ಇರ್ಲಿ ಬಿಡು. ಅದರ ಊಟ ಅದು ಮಾಡ್ಲಿ. ಹಿಂದಿನ ಬಾಗಲದಿಂದ ತಗೊಂಡು ಬಾ. ತಾನಾಗೆ ನಮ್ಮ ಜಾಗಾಕ್ಕ ಬಂದದ, ನರಿ ಮಖ ಎಷ್ಟು ಮಂದಿಗೆ ಸಿಗ್ತದ ಹೇಳು.”

ನಮ್ಮ ಕಡೆ ಯಾರಿಗಾದರೂ ಅನಿರೀಕ್ಷಿತವಾಗಿ ಒಳ್ಳೆಯದಾದರೆ ‘ನರಿ ಮಖ ನೋಡಿ ಎದ್ದೀಯೇನಲೇ’ ಎನ್ನುತ್ತಾರೆ. ನಾನದನ್ನು ಮಾತಿನ ರೂಢಿ ಎಂದುಕೊಂಡಿದ್ದೆ. ಮರುದಿನ ಬೆಳಗ್ಗೆ ಐದೂವರೆಗೆ ಗೋದಾಮಿನ ಮುಂದೆ ಹನ್ನೊಂದು ಜನ ನಿಂತಿದ್ದರು. ಅಂಗಡಿ ತೆಗೆಯುವ ಮೊದಲು ಬಂದ ಕಿರಾಣಿಯವರು, ಮೊದಲ ಬಾಡಿಗೆಗೆ ಮುಂಚೆ ಬಂದ ಆಟೊದವರು, ಅಡತಿ ವ್ಯಾಪಾರದ ಇಬ್ಬರು, ಮಗಳನ್ನು ಪರೀಕ್ಷೆಗೆ ಕರೆದೊಯ್ಯುತ್ತಿದ್ದ ತಂದೆ. ಆ ಹುಡುಗಿಯ ಕೈಯಲ್ಲಿ ಹಾಲ್ ಟಿಕೆಟ್ಟು. ಯಾರೂ ಗದ್ದಲ ಮಾಡಲಿಲ್ಲ. ಒಬ್ಬೊಬ್ಬರೇ ಹೋಗಿ, ತಾಡಪತ್ರಿ ಎತ್ತಿ, ಮುಖ ನೋಡಿ, ಕೈಮುಗಿದು ಬರುತ್ತಿದ್ದರು.

ಪ್ರತಿ ಸಲ ತಾಡಪತ್ರಿ ಎದ್ದಾಗಲೂ ನರಿ ಪಂಜರದ ಹಿಂದಿನ ಜಾಲರಿಗೆ ಹಾರಿ ಬೀಳುತ್ತಿತ್ತು.

ನಾನು ಹೇಳಿದೆ. ಕೈಮುಗಿದು ಹೇಳಿದೆ. ಬೋರ್ಡು ಬರೆದು ತೂಗುಹಾಕಿದೆ. ಬೀಗ ಹಾಕಿದರೆ ತಗಡಿನ ಸಂದಿಯಿಂದ ಮೊಬೈಲ್ ಟಾರ್ಚು ಬಿಡುತ್ತಿದ್ದರು. ನಾಲ್ಕನೆಯ ದಿನ ಕೆಲಸ ಮುಗಿಸಿ ಬಂದಾಗ ಪಂಜರದ ತಳದಲ್ಲಿ ರಕ್ತ. ಹೊಲಿಗೆ ಹರಿದಿತ್ತು. ಮತ್ತೆ ಅದೇ ಇಂಜೆಕ್ಷನ್, ಅದೇ ಜ್ವರ, ಅದೇ ಒದ್ದೆ ಚೀಲ. ನಾಲ್ಕು ದಿನದಲ್ಲಿ ಎರಡನೇ ಬಾರಿ ಅಷ್ಟು ಚಿಕ್ಕ ದೇಹಕ್ಕೆ ಆ ಔಷಧಿ ಕೊಡುವಾಗ ಪ್ರಮಾಣವನ್ನು ಮೂರು ಸಲ ಲೆಕ್ಕ ಹಾಕಿದೆ. ಕತ್ತಲಾಗುವ ಹೊತ್ತಿಗೆ ಮಿಲ್ಲಿನ ಹಿಂದಿನ ಜಾಲಿಕಂಟಿಯ ಪೊದೆಯಿಂದ ಇನ್ನೊಂದು ನರಿ ಕೂಗಿತು. ಅರೆಪ್ರಜ್ಞೆಯಲ್ಲಿದ್ದ ಇದರ ಕಿವಿ ಆ ಕಡೆ ತಿರುಗಿತು. ಡ್ರೈವರ್ ನನ್ನ ಮುಖ ನೋಡಿದರು. “ಜೋಡಿ ಅದ್ರಿ,” ಎಂದರು.

ಐದನೆಯ ಬೆಳಗ್ಗೆ ಮೂವತ್ತಕ್ಕೂ ಹೆಚ್ಚು ಜನ. ನಾನು ಬಾಗಿಲಿಗೆ ಅಡ್ಡ ನಿಂತೆ. ಆಟೊದವನೊಬ್ಬ ಹಿಂದಿನಿಂದ ಕೂಗಿದ.

“ನೀವು ದಿನಾ ನೋಡಾಕತ್ತೀರಲ್ರಿ ಮೇಡಂ. ಅದೃಷ್ಟ ಎಲ್ಲಾ ನೀವೊಬ್ಬರ ಗುತ್ತಿಗಿ ಹಿಡದೀರೇನು?”

ಎಲ್ಲರೂ ನಕ್ಕರು. ಸಭೆ ನಕ್ಕಾಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಅದೇ ತೊಂದರೆ. ನಗು ಇಳಿಯುವವರೆಗೆ ಕಾದೆ. ಧ್ವನಿ ತಗ್ಗಿಸಿದೆ.

“ಈ ನರಿಗೆ ಹುಚ್ಚು ಇಲ್ಲ ಅಂತ ನಾ ಬರದು ಕೊಡಾಕ ಆಗಂಗಿಲ್ಲ. ನಿಮ್ಮಾಗ ಯಾರರ ಬರದು ಕೊಡ್ತೀರೇನು? ಜಾಲರಿಗೆ ಜೊಲ್ಲು ಹತ್ತಿರ್ತದ. ನೀವು ಅದನ್ನ ಹಿಡಕೊಂಡು ನಿಂದರ್ತೀರಿ. ಕೈಯಾಗ ಸಣ್ಣ ಗಾಯ ಇದ್ರೂ ಸಾಕು. ಒಮ್ಮಿ ಲಕ್ಷಣ ಕಾಣಿಸಿಕೊಂಡ್ರ ಅದಕ್ಕ ಔಷಧಿ ಇಲ್ಲ. ಈಗ ಹೇಳ್ರಿ, ಅದೃಷ್ಟ ಬೇಕೇನು, ಜೀವ ಬೇಕೇನು?”

ಹಾಲ್ ಟಿಕೆಟ್ಟಿನ ಹುಡುಗಿಯ ತಂದೆ ಅವಳ ಕೈ ಎಳೆದುಕೊಂಡು ಹೊರಟ. ಹತ್ತು ನಿಮಿಷದಲ್ಲಿ ಅಂಗಳ ಖಾಲಿ. ಮೂರು ದಿನ ಕೈಮುಗಿದು ಆಗದ್ದು ಅರ್ಧ ನಿಮಿಷದ ಮಾತಿಗೆ ಆಗಿತ್ತು. ಸುಳ್ಳು ಹೇಳುವುದಿಲ್ಲ: ಖುಷಿಯಾಯಿತು. ವೇದಿಕೆಯಿಂದ ಇಳಿಯುವಾಗ ಕಾಲು ಹಗುರವಾಗುತ್ತಿತ್ತಲ್ಲ, ಹಾಗೆ. ನಾನು ಹೇಳಿದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ತೀರ ಕಡಿಮೆ ಎಂದು ನನಗೆ ಗೊತ್ತಿದ್ದ ಸಾಧ್ಯತೆಯನ್ನು, ಅದು ಕಡಿಮೆ ಎನ್ನುವ ಮಾತೊಂದನ್ನು ಬಿಟ್ಟು ಹೇಳಿದ್ದೆ, ಅಷ್ಟೇ.

ಡ್ರೈವರ್ ವಾಹನದ ಬಾಗಿಲು ತೆರೆಯುತ್ತಾ, “ಗೆದ್ರಿ ಬಿಡ್ರಿ ಮೇಡಂ,” ಎಂದರು. ಅದರಲ್ಲಿ ಹೊಗಳಿಕೆ ಇರಲಿಲ್ಲ ಎಂದು ಗೊತ್ತಾಗಲು ನನಗೆ ಒಂದು ದಿನ ಬೇಕಾಯಿತು.

ಆರನೆಯ ದಿನ ಬೆಳಗ್ಗೆ ಮಿಲ್ಲಿನ ಸದ್ದಿಲ್ಲ. ಸದ್ದಿಲ್ಲದ್ದಕ್ಕೇ ಎಚ್ಚರವಾಯಿತು. ಹಮಾಲರು ಗೇಟಿನ ಹೊರಗೆ ಕುಳಿತಿದ್ದರು. ಭತ್ತದ ಲಾರಿಗಳು ರಸ್ತೆಗುಂಟ ನಿಂತಿದ್ದವು. ಹೊಟ್ಟು ಗುಡಿಸುವ ಹೆಂಗಸು ನನ್ನ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಹಿಂದಿನ ದಿನವೆಲ್ಲ ಸರಕಾರಿ ದವಾಖಾನೆಯ ಸಾಲಿನಲ್ಲಿ ನಿಂತು, ವೈದ್ಯರು ಸಿಗದೆ ಬಂದಿದ್ದಳು.

“ಮೊದಲ ದಿನ ನಾನಾ ನೀರಿಟ್ಟಿದ್ದೆನಲ್ರಿ. ನಂಗ ಹುಚ್ಚು ಹತ್ತತದೇನ್ರಿ ಯವ್ವಾ?”

“ಕಚ್ಚಿತೇನು? ನೀ ಅದನ್ನ ಮುಟ್ಟಿದ್ದೇನು?”

“ಇಲ್ರಿ. ಬಟ್ಟಲಾ ದೂಡಿ ಸರದೆ.”

“ಹಂಗಾದ್ರ ಏನೂ ಆಗಂಗಿಲ್ಲ. ಅದಕ್ಕ ಹುಚ್ಚು ಇದ್ದಂಗಿಲ್ಲ. ನೀರು ಕುಡೀತದ, ಉಣ್ತದ.”

ಅವಳು ನನ್ನನ್ನೇ ನೋಡಿದಳು. “ನಿನ್ನಿ ಅದ ಅಂದ್ರೆಲ್ಲ?”

“ಅದ ಅಂದಿಲ್ಲ. ಇಲ್ಲ ಅಂತ ಹೇಳಾಕ ಬರಂಗಿಲ್ಲ ಅಂದೆ.”

“ಯವ್ವಾ, ನಿಮಗ ಅದಕ್ಕೂ ಇದಕ್ಕೂ ಫರಕ ಇರಬೇಕು. ನಾ ರಾತ್ರಿಯೆಲ್ಲಾ ಮಕ್ಕಳನ್ನ ಬ್ಯಾರೆ ಮನಿಯಾಗ ಮಲಗಿಸೀನಿ.”

ಸ್ಪರ್ಧೆಯಲ್ಲಾದರೆ ಸಮಯ ಮುಗಿದ ಗಂಟೆಯಾದರೂ ಬಾರಿಸುತ್ತದೆ. ಅವಳನ್ನು ಮತ್ತೆ ದವಾಖಾನೆಗೆ ಕರೆದೊಯ್ದು ಅಲ್ಲಿಯ ವೈದ್ಯರ ಬಾಯಿಂದಲೇ ಹೇಳಿಸಿದೆ. ಅವರ ಮಾತು ಕೇಳಿ ಅವಳು ನಿರಾಳವಾದಳು. ನನ್ನ ಮಾತಿಗಲ್ಲ.

ಸಾಹುಕಾರರು ನನ್ನನ್ನು ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು. ಬೈದಿದ್ದರೆ ಸುಲಭವಿತ್ತು.

“ಹಮಾಲರು ಒಳಗ ಬರವಲ್ರು ಯವ್ವಾ. ನಾ ಎಷ್ಟಂತ ಹೇಳ್ಲಿ? ಡಾಕ್ಟರ ಹೇಳ್ಯಾರ ಅಂತಾರ.”

“ನಾ ಅವರ ಕೂಡ ಮಾತಾಡ್ತೀನಿ.”

“ಬ್ಯಾಡ, ನೀ ಮಾತಾಡಬ್ಯಾಡ.” ಅವರು ತಕ್ಷಣ ಹೇಳಿದರು. ಮತ್ತೆ ದನಿ ಮೆತ್ತಗೆ ಮಾಡಿ, “ಅದನ್ನ ಎಲ್ಲಿಗರ ಒಯ್ಯಿ. ಹಿಂದಿನ ಜಾಲಿಕಂಟಿನೂ ನಾಳೆ ಜೆಸಿಬಿ ಹಚ್ಚಿ ಕೀಳಸ್ತೀನಿ. ಅದರಾಗ ಇನ್ನ ಎಷ್ಟವೋ,” ಎಂದರು.

ಆ ಕಂಟಿ ಅಲ್ಲಿ ಎಷ್ಟೋ ವರ್ಷದಿಂದ ಇತ್ತು. ಅದರೊಳಗೆ ನರಿಗಳಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಎದುರಾದರೆ ಒಳ್ಳೆಯದೆಂದು ಯಾರೂ ಅವಕ್ಕೆ ಕಲ್ಲು ಬೀಸಿರಲಿಲ್ಲ. ಯಾವ ನಂಬಿಕೆಯನ್ನು ನಾನು ಬಾಗಿಲಲ್ಲಿ ನಿಂತು ಒಡೆದೆನೋ, ಗೋದಾಮು ಕೊಟ್ಟದ್ದೂ ಅದೇ, ಕೋಳಿ ಒಳಗೆ ಬಿಟ್ಟದ್ದೂ ಅದೇ, ಕಂಟಿಯನ್ನು ಉಳಿಸಿದ್ದೂ ಅದೇ. ನಂಬಿಕೆ ಸುಳ್ಳೆಂದು ಈಗಲೂ ವಾದಿಸುತ್ತೇನೆ. ಆದರೆ ಅದನ್ನು ತೆಗೆದ ಜಾಗದಲ್ಲಿ ಏನನ್ನೂ ಇಡದೆ ಬಂದಿದ್ದೆ.

ಏಳನೆಯ ದಿನ ನರಿಯನ್ನು ರಾಯಚೂರಿಗೆ ಸಾಗಿಸಿದೆವು. ಅಲ್ಲಿಯ ಹಿರಿಯ ಡಾಕ್ಟರೊಬ್ಬರು ಪಶು ಆಸ್ಪತ್ರೆಯ ಹಿಂದೆ ಖಾಲಿಯಿದ್ದ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಎಕ್ಸ್-ರೇ ತೆಗೆದರು. ಸೋಂಕು ಮೂಳೆಗೆ ಇಳಿದಿರಲಿಲ್ಲ. ಆ ವಾರ ನಾನು ದಿನವಿಡೀ ಮಾನ್ವಿಯ ಹಳ್ಳಿಗಳಲ್ಲಿ ಎಮ್ಮೆ, ಕುರಿ ನೋಡಿ, ಐದರ ಬಸ್ಸು ಹತ್ತಿ ರಾಯಚೂರಿಗೆ ಹೋಗಿ, ಪಟ್ಟಿ ಬದಲಿಸಿ, ಕೊನೆಯ ಬಸ್ಸಿಗೆ ವಾಪಸ್ಸು ಬರುತ್ತಿದ್ದೆ. ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ಕಂಬಿ ಹಿಡಿದು ನಿದ್ದೆ. ನನ್ನ ಬಟ್ಟೆಯ ವಾಸನೆಗೆ ಪಕ್ಕದವರು ಕಿಟಕಿ ತೆರೆಯುತ್ತಿದ್ದರು. ಗಾಯ ಒಣಗುತ್ತಾ ಬಂತು. ಹತ್ತನೆಯ ದಿನ ನರಿ ಆ ಕಾಲನ್ನು ನೆಲಕ್ಕೆ ಊರಿತು. ಬಾಗಿಲ ಸಂದಿಯಿಂದ ಅದನ್ನು ನೋಡಿದೆ, ಒಂದೇ ಕ್ಷಣ. ಆ ವಾರದಲ್ಲಿ ಸುಸ್ತಲ್ಲದ ಬೇರೇನಾದರೂ ಅನ್ನಿಸಿದ್ದು ಆಗ ಮಾತ್ರ.

“ಎಲ್ಲಿ ಸಿಕ್ತೋ ಅಲ್ಲೇ ಬಿಡಮ್ಮ,” ಎಂದರು ಹಿರಿಯ ಡಾಕ್ಟರು. “ಬ್ಯಾರೆ ಕಡೆ ಬಿಟ್ರ ಅದು ತನ್ನ ಜಾಗಾ ಹುಡುಕ್ಯಾಡ್ತದ. ಹಗಲಾಗ ತಿರುಗ್ತದ. ಹಗಲಾಗ ಕಂಡ ನರಿ ಬಾಳ ದಿನ ಉಳಿಯಂಗಿಲ್ಲ.”

ಹನ್ನೆರಡನೆಯ ದಿನ ಗಾರ್ಡು, ಡ್ರೈವರ್, ನಾನು ಮೂವರೂ ಆಸ್ಪತ್ರೆಯ ಬೇವಿನ ನೆರಳಲ್ಲಿ ಚಹಾ ಹಿಡಿದು ಇದೇ ವಿಷಯಕ್ಕೆ ನಿಂತೆವು. ಗಾರ್ಡೂ ಹಿರಿಯರ ಮಾತನ್ನೇ ಹೇಳಿದರು. ನಾನು ಒಂದೊಂದಾಗಿ ಎದುರಿಟ್ಟೆ. ಕಂಟಿ ಇಲ್ಲ. ಬದುಗಳಲ್ಲಿ ಉರುಲು ಇನ್ನೂ ಇವೆ. ಗಾರ್ಡೇ ಎಂಟು ಕಿತ್ತಿದ್ದಾರೆ, ಉಳಿದವೆಷ್ಟೋ. ಹುಡುಗರು ಬಡಿಗೆ ಹಿಡಿದು ಕಾಲುವೆ ದಂಡೆ ಸುತ್ತುತ್ತಿದ್ದಾರೆ. ಅಲ್ಲಿ ಬಿಟ್ಟರೆ ಒಂದು ವಾರ. ಅದೇ ದೇವದುರ್ಗದ ಕಡೆಯ ಕಲ್ಲುಗುಡ್ಡಗಳಲ್ಲಿ ಜನ ಕಡಿಮೆ, ಪೊದೆ ಇದೆ, ಹಳ್ಳದಲ್ಲಿ ನೀರಿದೆ.

ಡ್ರೈವರ್ ಚಹಾ ಮುಗಿಸಿ ಪೇಪರ್ ಕಪ್ಪು ಮಡಚಿದರು. “ಮೇಡಂ, ನಾ ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬಾರದು.”

“ಹೇಳ್ರಿ.”

“ನಾಳೆ ಮುಂಜಾನಿ ಪಂಜರ ಮಿಲ್ಲಿನ ಗೇಟಿಗೆ ಒಯ್ಯೋಣು. ಮಂದಿ ಕರಿಯೋಣು. ಎಲ್ಲಾರಕಿಂತ ಮೊದಲು ನೀವು ನಿಂತು ಅದರ ಮಖ ನೋಡ್ರಿ. ಡಾಕ್ಟರ ನೋಡಿದ್ರಂದ್ರ ಹುಚ್ಚಿಲ್ಲ ಅಂತ ತಿಳೀತದ. ಸಾಹುಕಾರ್ರು ನೋಡ್ತಾರ, ಹಮಾಲರು ನೋಡ್ತಾರ. ಒಂದು ಸಲ ಮಖ ನೋಡಿದ ನರಿಗೆ ಯಾರೂ ಕೈ ಎತ್ತಂಗಿಲ್ಲ. ಅಲ್ಲೇ ಬಿಡೋಣು.”

“ಅಂದ್ರ ನಾ ಆ ಮೂಢನಂಬಿಕಿಗೆ ಸಾಕ್ಷಿ ನಿಂದ್ರಬೇಕು.”

“ನೀವೇನೂ ಹೇಳಬ್ಯಾಡ್ರಿ. ಸುಮ್ನ ನೋಡ್ರಿ, ಸಾಕು.”

“ಸುಮ್ನ ನಿಂತು ನೋಡೋದೂ ಹೇಳಿದಂಗ.”

“ಹೌದ್ರಿ,” ಎಂದರು ಅವರು. “ಅದಕ್ಕ ಅಂದೆ.”

ಗಾರ್ಡು ಇಬ್ಬರ ಮುಖವನ್ನೂ ನೋಡುತ್ತಿದ್ದರು. ನಾನು ಇನ್ನೂ ಐದು ನಿಮಿಷ ಮಾತಾಡಿದೆ. ಅಷ್ಟು ಜನರ ಮುಂದೆ ಮುಖ ತೆರೆದರೆ ಪ್ರಾಣಿಗೆ ಆಗುವ ಒತ್ತಡ, ಜಾಲರಿಗೆ ಬಿದ್ದು ಹರಿಯುವ ಗಾಯ, ಮತ್ತೆ ಮೊದಲಿನಂತೆ ಮುಗಿಬೀಳುವ ಜನ. ಎಲ್ಲವೂ ಸರಿಯಾದ ಕಾರಣಗಳೇ. ಈ ಹೊತ್ತು ಬರೆಯುವಾಗ ನನ್ನನ್ನು ಕೇಳಿಕೊಳ್ಳುತ್ತೇನೆ: ಅವುಗಳಲ್ಲಿ ಎಷ್ಟು ನರಿಯ ಪರ, ಎಷ್ಟು ನನ್ನ ಪರ? ಬೆಳಗ್ಗೆ ಆರಕ್ಕೆ, ಆ ಆಟೊದವನ ಮುಂದೆ, ಪಂಜರಕ್ಕೆ ಬಗ್ಗಿ ನಿಲ್ಲುವುದನ್ನು ನಾನು ಊಹಿಸಿಕೊಂಡಿದ್ದೆ. ಅವನು ಏನನ್ನುತ್ತಾನೆಂಬುದೂ ನನಗೆ ಕೇಳಿಸಿತ್ತು.

“ನೀವು ಹೇಳಿದಂಗ ಆಗ್ಲಿ ಬಿಡ್ರಿ,” ಎಂದರು ಗಾರ್ಡು. ಮೇಲಿನವರಿಗೆ ಫೋನ್ ಮಾಡಿ ನನ್ನ ಕಾರಣಗಳನ್ನೇ ಒಪ್ಪಿಸಿದರು. ಎರಡನೇ ಸಲವೂ ಗೆದ್ದೆ.

ಹದಿಮೂರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ದೇವದುರ್ಗದ ಆಚೆ, ಡ್ರೈವರ್ ತೋರಿಸಿದ ಒಂದು ಗುಡ್ಡದ ಬುಡದಲ್ಲಿ ಪಂಜರ ಇಳಿಸಿದೆವು. ತಾಡಪತ್ರಿ ತೆಗೆದು, ಬಾಗಿಲಿಗೆ ಹಗ್ಗ ಕಟ್ಟಿ, ವಾಹನದ ಹಿಂದೆ ನಿಂತು ಎಳೆದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮೂತಿ ಹೊರಗೆ ಬಂತು. ಗಾಳಿಯನ್ನು ಮೂಸಿತು. ಎಡ ಮುಂಗಾಲನ್ನು ಸ್ವಲ್ಪ ಎತ್ತಿಕೊಂಡು ನಾಲ್ಕು ಹೆಜ್ಜೆ, ಮತ್ತೆ ಊರಿ ನಾಲ್ಕು ಹೆಜ್ಜೆ, ಮತ್ತೆ ಓಟ. ತಿರುಗಿ ನೋಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೋಡಲಿಲ್ಲ. ಮಣ್ಣಿನಲ್ಲಿ ಗುರುತು ಉಳಿದಿತ್ತು: ಮೂರು ಹೆಜ್ಜೆಗಳಲ್ಲಿ ನಾಲ್ಕು ನಾಲ್ಕು ಬೆರಳು, ಒಂದರಲ್ಲಿ ಎರಡು. ಗಾರ್ಡು ಕೂತು ಅದರ ಫೋಟೊ ತೆಗೆದುಕೊಂಡರು.

“ಓಡ್ತು ನೋಡ್ರಿ ಮೇಡಂ. ನಿಮ್ಮ ಬೈಕು.”

ಮಾನ್ವಿಗೆ ಮರಳಿದ ಮೇಲೆ ಸಂಜೆಗಳಲ್ಲಿ ನಾನು ಮಿಲ್ಲಿನ ಹಿಂದಿನ ಗೋಡೆಯ ಬಳಿ ನಿಲ್ಲುವುದಿತ್ತು. ಕಂಟಿಯಿದ್ದ ಜಾಗ ಸಪಾಟಾಗಿತ್ತು, ಜೆಸಿಬಿಯ ಹಲ್ಲಿನ ಗೆರೆಗಳು ಹಾಗೇ ಇದ್ದವು. ಯಾವ ಕೂಗೂ ಕೇಳಲಿಲ್ಲ. ಕಾಯಂ ನೌಕರಿಯ ಆಯ್ಕೆಪಟ್ಟಿ ಬಂದದ್ದು ಆ ವಾರದಲ್ಲೇ. ಹೊಟ್ಟು ಗುಡಿಸುವ ಹೆಂಗಸು ನನಗೆ ಸಕ್ಕರೆ ತಿನ್ನಿಸಿ, “ನಾನೂ ನೋಡಿದ್ದೆನಲ್ರಿ, ನನ್ನ ಪಾಲಿನದು ಎಲ್ಲಿ ಹೋತು?” ಎಂದು ನಕ್ಕಳು. ಅವಳ ಮಕ್ಕಳು ಮನೆಗೆ ಮರಳಿದ್ದರು. ನನ್ನನ್ನು ಕ್ಷಮಿಸಿದ್ದಳೋ ಇಲ್ಲವೋ, ಕೇಳಲಿಲ್ಲ.

ಮೂರು ವಾರದ ನಂತರ ಒಂದು ಮಧ್ಯಾಹ್ನ, ಕಾಲುಬಾಯಿ ಲಸಿಕೆ ಹಾಕುತ್ತಾ ಒಂದು ದೊಡ್ಡಿಯಲ್ಲಿದ್ದಾಗ ಗಾರ್ಡಿನ ಫೋನ್ ಬಂತು. ಅವರು ಆ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ.

“ಮೇಡಂ, ದೇವದುರ್ಗದ ಕಡಿ ಒಂದು ನರಿ ಹೊಡದಾರ್ರಿ. ನಿನ್ನಿ. ಅಲ್ಲಿಯ ಗಾರ್ಡ್ ಕರದಿದ್ರು, ನಾನೂ ಹೋಗಿದ್ದೆ.”

“ಯಾಕ ಹೊಡದ್ರಂತ?”

“ಹಗಲಾಗ ತಿರುಗಾಕತ್ತಿತ್ತಂತ್ರಿ. ನಟ್ಟನಡು ಮಧ್ಯಾಹ್ನ, ಕುರಿಹಟ್ಟಿ ಹತ್ರ. ಹುಚ್ಚು ನರಿ ಅಂತ…”

“ಗಂಡೇನ್ರಿ, ಹೆಣ್ಣೇನ್ರಿ?”

“ಗಂಡ್ರಿ.”

“ಈಗ ಎಲ್ಲದ?”

“ಪಂಚನಾಮಿ ಮಾಡಿ ಸುಟ್ಟೇವ್ರಿ ಮೇಡಂ.”

ಡ್ರೈವರ್ ಎತ್ತಿನ ಮೂಗುದಾರ ಹಿಡಿದು ನನ್ನ ಕಡೆಯೇ ನೋಡುತ್ತಿದ್ದರು. ನನ್ನ ಕೈಯಲ್ಲಿ ಸಿರಿಂಜು ಇತ್ತು. ಆ ಕಡೆಯಿಂದ ಬೈಕಿನ ಸದ್ದು, ಗಾಳಿಯ ಸದ್ದು. ಗಾರ್ಡು ಫೋನ್ ಇಟ್ಟಿರಲಿಲ್ಲ. ಅವತ್ತು ಗೋದಾಮಿನಲ್ಲಿ ಆ ಕಾಲನ್ನು ಹಿಡಿದುಕೊಂಡಿದ್ದವರು ಅವರೇ, ಎಣಿಸಿದವರೂ ಅವರೇ.

“ಅಣ್ಣಾರ, ಎಡಗಡಿ ಮುಂದಿನ ಕಾಲು ನೋಡಿದ್ರೇನ್ರಿ? ಬೆರಳು ಎಷ್ಟಿದ್ವು?”